ಕಡಲ ಮನೆಗೆ ಅತಿಥಿಗಳಾಗಿ: ನೇತ್ರಾಣಿಯ ನೀರೂ ನಮ್ಮ ಹೊಣೆಯೂ

ಹುಲಿಯೂರುದುರ್ಗ, ಕುಣಿಗಲ್, ಗುಬ್ಬಿ ಸೀಮೆಯ ಮನೆಗಳಲ್ಲಿ ರಜೆಯ ದಿನಗಳು ಸಮೀಪಿಸಿತೆಂದರೆ ಕರಾವಳಿಯ ಯಾತ್ರೆಯ ಮಾತು ಏಳುವುದು ವಾಡಿಕೆ. ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರರ ಗದ್ದುಗೆಗೆ ನಮಸ್ಕರಿಸಿ ಹೆದ್ದಾರಿ ಹಿಡಿದರೆ ಹಾಸನ, ಸಕಲೇಶಪುರ, ಶಿರಾಡಿ ಘಾಟಿಗಳನ್ನು ದಾಟಿ ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು, ಮುರುಡೇಶ್ವರ, ಗೋಕರ್ಣಗಳವರೆಗೆ ಹಾದಿ ತೆರೆದುಕೊಳ್ಳುತ್ತದೆ. 2017ರಲ್ಲಿ ಕುಣಿಗಲ್ ಮಾರ್ಗವಾಗಿ ಬೆಂಗಳೂರು–ಹಾಸನ ರೈಲುಹಾದಿ ಆರಂಭವಾದ ಮೇಲಂತೂ ನಮ್ಮ ಭಾಗದವರಿಗೆ ಕಡಲು ಇನ್ನಷ್ಟು ಹತ್ತಿರವಾಗಿದೆ.

ಹಿಂದೆ ಈ ಯಾತ್ರೆಯಲ್ಲಿ ಸಮುದ್ರಕ್ಕೆ ಸಲ್ಲುತ್ತಿದ್ದ ಪಾಲು ಅಲ್ಪ. ದೇವರ ದರ್ಶನವಾದ ಮೇಲೆ ದಡದಲ್ಲಿ ನಿಂತು ಕಾಲು ತೋಯಿಸಿಕೊಂಡು, ಮಕ್ಕಳಿಗೆ ನಾಲ್ಕು ಕಪ್ಪೆಚಿಪ್ಪು ಆರಿಸಿಕೊಟ್ಟು, ಸಂಜೆಯ ಸೂರ್ಯನನ್ನು ನೋಡಿ ಹಿಂದಿರುಗಿದರೆ ಆಯಿತು. ಈಗ ಕಾಲ ಬದಲಾಗಿದೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ನೇತ್ರಾಣಿಯ ನೀರೊಳಗಿನ ಲೋಕವನ್ನು ಕಂಡ ಮಕ್ಕಳು, ‘ನಾವೂ ಸ್ನಾರ್ಕಲಿಂಗ್ ಮಾಡಬೇಕು’ ಎಂದು ಹಟ ಹಿಡಿಯುತ್ತಾರೆ. ಹಿರಿಯರು ಹೆದರಿ ಬೇಡವೆನ್ನುತ್ತಾರೆ. ಕಿರಿಯರು ಹೇಳದೆ ಕೇಳದೆ ನೀರಿಗಿಳಿಯಲು ನೋಡುತ್ತಾರೆ. ಈ ಎರಡೂ ಸರಿಯಾದ ದಾರಿಗಳಲ್ಲ. ಕಡಲು ಭಯಪಡಬೇಕಾದ ವಸ್ತುವಲ್ಲ, ಆಟದ ಸಾಮಾನೂ ಅಲ್ಲ. ಅದು ಅಸಂಖ್ಯ ಜೀವಗಳ ಮನೆ. ಆ ಮನೆಗೆ ಹೋಗುವ ಕ್ರಮವನ್ನು ಕಲಿತು ಹೋದವರಿಗೆ ಅಲ್ಲಿ ಆನಂದವುಂಟು, ಕ್ಷೇಮವೂ ಉಂಟು.

ಹೃದಯಾಕೃತಿಯ ದ್ವೀಪ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರವನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. 123 ಅಡಿ ಎತ್ತರದ ಶಿವನ ಮೂರ್ತಿ, ಇಪ್ಪತ್ತು ಅಂತಸ್ತಿನ ರಾಜಗೋಪುರ, ಮೂರು ಕಡೆ ನೀರಿನಿಂದ ಸುತ್ತುವರಿದ ಕಂದುಕಗಿರಿ ಇವು ಚಿತ್ರಪಟಗಳಿಂದಲೂ ಪರಿಚಿತವಾದವು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಎದ್ದು ನಿಂತಿರುವುದೇ ನೇತ್ರಾಣಿ. ಆಕಾಶದಿಂದ ನೋಡಿದರೆ ಹೃದಯದ ಆಕಾರ. ಆಂಗ್ಲರ ಭೂಪಟಗಳಲ್ಲಿ ಇದು ಪಾರಿವಾಳಗಳ ದ್ವೀಪ. ದೋಣಿಯಲ್ಲಿ ತಲುಪಲು ಒಂದರಿಂದ ಒಂದೂವರೆ ಗಂಟೆ ಬೇಕು.

ದ್ವೀಪದ ಮೇಲೆ ಜನವಸತಿಯಿಲ್ಲ. ಕಡಿದಾದ ಬಂಡೆ, ಅದರ ಮೇಲೆ ದಟ್ಟ ಕಾಡು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಕರಾವಳಿಯ ಬೆಸ್ತರಿಗೆ ಇದು ಹರಕೆಯ ತಾಣವೂ ಹೌದು. ನೌಕಾಪಡೆಯವರು ಬಹಳ ಕಾಲ ಇದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದುದರಿಂದ, ದ್ವೀಪದ ಜೀವಸಂಪತ್ತನ್ನು ಉಳಿಸಬೇಕೆಂದು ಪರಿಸರಾಸಕ್ತರು ದನಿಯೆತ್ತಿದ್ದೂ ಉಂಟು. ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ದೋಣಿ ಬಂಡೆಯ ಮಗ್ಗುಲಿನಲ್ಲಿ ನಿಲ್ಲುತ್ತದೆ. ನೋಡಬೇಕಾದದ್ದು ನೀರಿನ ಕೆಳಗಿದೆ.

ಹವಳದ ದಂಡೆಗಳ ಮೇಲೆ ಚಿಟ್ಟೆಮೀನು, ಗಿಳಿಮೀನು ಮೊದಲಾದ ಬಣ್ಣಬಣ್ಣದ ಮೀನುಗಳು ಹಿಂಡುಹಿಂಡಾಗಿ ಸುಳಿದಾಡುತ್ತವೆ. ಕಡಲಾಮೆಗಳೂ ಕಾಣಸಿಗುತ್ತವೆ. ಗಿಳಿಮೀನಿನದು ಒಂದು ಸೋಜಿಗದ ಕಾಯಕ. ಅದು ತನ್ನ ಗಟ್ಟಿ ಕೊಕ್ಕಿನಿಂದ ಹವಳದ ಬಂಡೆಯನ್ನು ಕೆರೆದು ಪಾಚಿಯನ್ನು ತಿನ್ನುತ್ತದೆ. ಜೊತೆಗೆ ನುಂಗಿದ ಸುಣ್ಣಗಲ್ಲನ್ನು ಹೊಟ್ಟೆಯಲ್ಲಿ ಅರೆದು ನುಣ್ಣನೆಯ ಮರಳಾಗಿ ಹೊರಹಾಕುತ್ತದೆ. ಉಷ್ಣವಲಯದ ಅನೇಕ ಬಿಳಿಮರಳಿನ ದಡಗಳು ಈ ಮೀನುಗಳ ದುಡಿಮೆಯ ಫಲ.

ಹವಳ ಕಲ್ಲಲ್ಲ, ಜೀವ

ಮೊದಲ ಬಾರಿಗೆ ಹವಳವನ್ನು ನೋಡಿದವರು ಅದನ್ನು ಕಲ್ಲೆಂದೇ ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಸಾವಿರಾರು ಸಣ್ಣ ಪ್ರಾಣಿಗಳ ಒಕ್ಕಲು. ಒಂದೊಂದು ಪ್ರಾಣಿಯೂ ಕಡಲನೀರಿನ ಸುಣ್ಣವನ್ನು ಹೀರಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ಬಾಳುತ್ತವೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಉಣಿಸುತ್ತದೆ, ಹವಳ ಪಾಚಿಗೆ ಆಶ್ರಯ ಕೊಡುತ್ತದೆ. ಒಬ್ಬರಿಗೊಬ್ಬರು ಆಸರೆಯಾಗಿ ನಡೆಸುವ ಸಂಸಾರವಿದು. ನೀರು ಮಿತಿಮೀರಿ ಬಿಸಿಯಾದರೆ ಈ ಸಂಸಾರ ಒಡೆಯುತ್ತದೆ; ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ, ಬಿಸಿ ಬಹುದಿನ ಮುಂದುವರಿದರೆ ಸಾಯುತ್ತದೆ. ಜಗತ್ತಿನ ಸಾಗರಗಳಲ್ಲಿ ಇಂಥ ಬಿಳಿಚುವಿಕೆ ನಾಲ್ಕನೆಯ ಬಾರಿಗೆ ವ್ಯಾಪಕವಾಗಿ ಹಬ್ಬಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ನಮ್ಮ ಲಕ್ಷದ್ವೀಪದ ಹವಳಗಳೂ ಅದೇ ವರ್ಷ ಬಾಧೆಗೊಳಗಾದವು.

ಗುಂಡುಕಲ್ಲಿನಂತೆ ಬೆಳೆಯುವ ಹವಳವು ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ಬೆಳೆದರೆ ಹೆಚ್ಚು. ಗೇಣುದ್ದದ ಹವಳವೆಂದರೆ ಅದನ್ನು ನೋಡಲು ಬಂದ ಶಾಲಾ ಹುಡುಗನಿಗಿಂತ ವಯಸ್ಸಿನಲ್ಲಿ ಹಿರಿಯದು. ಅಜ್ಜ ನೆಟ್ಟ ತೆಂಗಿನ ಮರವನ್ನು ಮೊಮ್ಮಗ ಒಂದು ಗಳಿಗೆಯಲ್ಲಿ ಕಡಿದುಹಾಕಿದರೆ ಎಷ್ಟು ನಷ್ಟವೋ, ಕಾಲು ಊರಲು ಹವಳವನ್ನು ತುಳಿದು ಮುರಿಯುವುದೂ ಅಷ್ಟೇ ನಷ್ಟ. ಮುರಿಯಲೇಬೇಕೆಂದಿಲ್ಲ, ಕೈಯಿಂದ ಸವರಿದರೂ ಅದರ ಮೇಲಿನ ತೆಳು ಜೀವಪದರಕ್ಕೆ ಗಾಯವಾಗುತ್ತದೆ.

ಈ ಕಾರಣದಿಂದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. ನಮ್ಮ ಊರಿನ ಹೆಸರಿನಲ್ಲಿಯೇ ಇರುವ ಹುಲಿಗೆ ಯಾವ ಅನುಸೂಚಿಯ ರಕ್ಷಣೆಯಿದೆಯೋ ಹವಳಕ್ಕೂ ಅದೇ ರಕ್ಷಣೆಯಿದೆ. ಹವಳದ ತುಂಡನ್ನು ಮುರಿದು ಷೋಕೇಸಿನಲ್ಲಿಡಲು ತರುವುದು ಕಾನೂನಿನ ದೃಷ್ಟಿಯಲ್ಲಿ ದಂಡನೀಯ ಅಪರಾಧ.

ಉಸಿರಿನ ಕೊಳವೆಯ ವಿದ್ಯೆ

ಸ್ನಾರ್ಕಲಿಂಗ್ ಎಂದರೆ ಆಳಕ್ಕೆ ಮುಳುಗುವುದೆಂದು ಹಲವರ ತಪ್ಪು ಕಲ್ಪನೆ. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು ಆಳಕ್ಕಿಳಿಯುವುದು ಸ್ಕೂಬಾ. ಅದಕ್ಕೆ ಬೇರೆಯೇ ಶಿಕ್ಷಣ ಬೇಕು. ಸ್ನಾರ್ಕಲಿಂಗ್‌ನಲ್ಲಿ ನಾವು ನೀರಿನ ಮೇಲೆಯೇ ಬೋರಲಾಗಿ ತೇಲುತ್ತೇವೆ. ಕಣ್ಣು ಮೂಗುಗಳನ್ನು ಮುಚ್ಚುವ ಗಾಜಿನ ಮುಖವಾಡ, ಬಾಯಿಯಲ್ಲಿ ಕಚ್ಚಿಕೊಳ್ಳುವ ಕೊಳವೆ, ಮೈಗೆ ಲೈಫ್ ಜಾಕೆಟ್, ಕೆಲವೊಮ್ಮೆ ಪಾದಕ್ಕೆ ರಬ್ಬರಿನ ರೆಕ್ಕೆ ಇವಿಷ್ಟೇ ಉಪಕರಣಗಳು.

ಬರಿಗಣ್ಣಿಗೆ ನೀರೊಳಗೆ ಎಲ್ಲವೂ ಮಬ್ಬಾಗಿ ಕಾಣುವುದೇಕೆ? ಗಾಳಿಯಿಂದ ಕಣ್ಣಿಗೆ ಬರುವ ಬೆಳಕು ಕಣ್ಣಿನ ಹೊರಪೊರೆಯಲ್ಲಿ ಬಾಗಿ ಒಳಗೆ ಚಿತ್ರವಾಗುತ್ತದೆ. ನೀರು ಕಣ್ಣಿಗೆ ತಾಗಿದಾಗ ಆ ಬಾಗುವಿಕೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಮುಖವಾಡವು ಕಣ್ಣಿನ ಮುಂದೆ ಗಾಳಿಯ ಪದರವೊಂದನ್ನು ಇರಿಸುವುದರಿಂದ ನೋಟ ಸ್ಪಷ್ಟವಾಗುತ್ತದೆ. ಆದರೆ ಮೀನುಗಳು ಇರುವುದಕ್ಕಿಂತ ಮೂರನೇ ಒಂದು ಭಾಗದಷ್ಟು ದೊಡ್ಡದಾಗಿಯೂ, ಕಾಲುಭಾಗದಷ್ಟು ಹತ್ತಿರವಾಗಿಯೂ ತೋರುತ್ತವೆ. ಹತ್ತಿರ ಕಂಡ ಹವಳಕ್ಕೆ ಕೈಚಾಚುವ ಆಸೆ ಹುಟ್ಟುವುದು ಇದರಿಂದಲೇ.

ಕೊಳವೆ ಇನ್ನೂ ಉದ್ದವಿದ್ದರೆ ಆಳಕ್ಕಿಳಿಯಬಹುದಲ್ಲವೇ ಎಂದು ಮಕ್ಕಳು ಕೇಳುವುದುಂಟು. ಆಳ ಹೆಚ್ಚಿದಂತೆ ನೀರು ಎದೆಯನ್ನು ಒತ್ತುತ್ತದೆ; ಆ ಒತ್ತಡವನ್ನು ಮೀರಿ ಮೇಲಿನ ಗಾಳಿಯನ್ನು ಒಳಗೆಳೆಯುವ ಶಕ್ತಿ ನಮ್ಮ ಎದೆಗೂಡಿಗಿಲ್ಲ. ಆದ್ದರಿಂದ ಕೊಳವೆ ಮೊಳದುದ್ದಕ್ಕಿಂತ ಕಡಿಮೆಯೇ ಇರುತ್ತದೆ. ಬಾಯಿಯಿಂದ ನಿಧಾನವಾಗಿ, ದೀರ್ಘವಾಗಿ ಉಸಿರಾಡಬೇಕು. ಕೊಳವೆಗೆ ನೀರು ಹೊಕ್ಕರೆ ಒಮ್ಮೆ ಜೋರಾಗಿ ಊದಿ ಹೊರಗೆ ಚಿಮ್ಮಿಸಬೇಕು. ದಪ್ಪ ಮೀಸೆಯವರಿಗೆ ಮುಖವಾಡ ಸರಿಯಾಗಿ ಕೂರದೆ ನೀರು ಜಿನುಗುವುದುಂಟು. ಮೊದಲೇ ತಿಳಿದಿದ್ದರೆ ಗಾಬರಿಯಾಗದು.

ಈ ಗಾಬರಿ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕಲಿಯದೆ ನೀರಿಗಿಳಿದವನ ಮೂಗಿಗೆ ಒಂದಿಷ್ಟು ನೀರು ಹೊಕ್ಕರೆ ಅವನು ಕೈಕಾಲು ಬಡಿಯುತ್ತಾನೆ, ನಿಲ್ಲಲು ನೆಲ ಹುಡುಕುತ್ತಾನೆ, ಸಿಕ್ಕಿದ್ದನ್ನು ತುಳಿಯುತ್ತಾನೆ. ಆ ಒಂದು ಕ್ಷಣದಲ್ಲಿ ಅವನ ಪ್ರಾಣಕ್ಕೂ ಅಪಾಯ, ಕಾಲ ಕೆಳಗಿನ ಹವಳಕ್ಕೂ ಅಪಾಯ. ಕಲಿತವನಾದರೋ ಎಲೆಯಂತೆ ಸುಮ್ಮನೆ ತೇಲುತ್ತಾನೆ. ಮೀನುಗಳು ಹೆದರದೆ ಅವನ ಬಳಿಗೆ ಬರುತ್ತವೆ. ನಮ್ಮನ್ನು ಕಾಯುವ ನಿಯಮ ಮತ್ತು ಕಡಲನ್ನು ಕಾಯುವ ನಿಯಮ ಎರಡಲ್ಲ, ಒಂದೇ. ಈ ಲೇಖನದ ಸಾರವೂ ಇದೇ.

ದೂರದ ಕೊಲ್ಲಿಯೊಂದರ ಪಾಠ

ಈ ಮಾತಿಗೆ ನಿದರ್ಶನ ಪೆಸಿಫಿಕ್ ಸಾಗರದ ನಡುವೆ, ಅಮೆರಿಕದ ಹವಾಯಿ ರಾಜ್ಯದ ಓಆಹು ದ್ವೀಪದಲ್ಲಿದೆ. ಅಲ್ಲಿನ ಹನೌಮ ಕೊಲ್ಲಿ ಹಳೆಯ ಜ್ವಾಲಾಮುಖಿಯ ಬಾಯಿ. ಒಂದು ಪಕ್ಕ ಕುಸಿದು ಕಡಲು ಒಳನುಗ್ಗಿದ್ದರಿಂದ ಬೋಗುಣಿಯಂಥ ಶಾಂತ ಕೊಲ್ಲಿಯಾಯಿತು. 1967ರಲ್ಲಿ ಅದನ್ನು ಕಡಲಜೀವಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಮೀನು ಹಿಡಿಯುವುದು ನಿಂತಿತು, ಮೀನುಗಳು ಹೆಚ್ಚಿದವು. ಅವನ್ನು ನೋಡಲು ಜನವೂ ಹೆಚ್ಚಿತು. 1980ರ ದಶಕದ ಕೊನೆಯ ಹೊತ್ತಿಗೆ ವರ್ಷಕ್ಕೆ 25 ಲಕ್ಷಕ್ಕೂ ಮಿಕ್ಕಿ ಜನ ಬರತೊಡಗಿ, ದಡಕ್ಕೆ ಹತ್ತಿರದ ಹವಳವೆಲ್ಲ ಕಾಲ್ತುಳಿತಕ್ಕೆ ಸಿಕ್ಕಿತು. ಬಲೆಯಿಂದ ಉಳಿಸಿದ್ದನ್ನು ಪ್ರೀತಿಯಿಂದಲೇ ಕೆಡಿಸಿದಂತಾಯಿತು.

ಆಗ ಅಲ್ಲಿನವರು ಕೊಲ್ಲಿಗೆ ಬಾಗಿಲು ಹಾಕಲಿಲ್ಲ. ಬರುವವರಿಗೆ ಪಾಠ ಹೇಳಿದರು. 2002ರಲ್ಲಿ ಶಿಕ್ಷಣ ಕೇಂದ್ರವೊಂದನ್ನು ತೆರೆದು, ಒಂಬತ್ತು ನಿಮಿಷಗಳ ಚಲನಚಿತ್ರವನ್ನು ನೋಡಿದ ಮೇಲೆಯೇ ನೀರಿಗೆ ಬಿಡುವ ಕಟ್ಟಳೆ ಮಾಡಿದರು. ಹವಳವನ್ನು ತುಳಿಯಬೇಡಿ, ಮೀನಿಗೆ ತಿಂಡಿ ಹಾಕಬೇಡಿ, ಆಮೆಯನ್ನು ಅಟ್ಟಬೇಡಿ ಎಂಬುದು ಅದರ ಪಾಠ. ವಾರದಲ್ಲಿ ಬಿಡುವಿನ ದಿನವನ್ನೂ ಗೊತ್ತುಮಾಡಿದರು. 2020ರಲ್ಲಿ ಕೊರೋನಾ ಕಾರಣದಿಂದ ಕೆಲವು ತಿಂಗಳು ಕೊಲ್ಲಿ ಮುಚ್ಚಿದಾಗ ನೀರು ಗಮನಾರ್ಹವಾಗಿ ತಿಳಿಯಾದುದನ್ನು ವಿಜ್ಞಾನಿಗಳು ಅಳೆದು ಕಂಡರು. ಮತ್ತೆ ತೆರೆಯುವಾಗ ದಿನದ ಜನಸಂಖ್ಯೆಗೆ ಕಡಿವಾಣ ಹಾಕಿ, ಬಿಡುವನ್ನು ವಾರಕ್ಕೆ ಎರಡು ದಿನ ಮಾಡಿದರು. ಹವಳಕ್ಕೆ ವಿಷವಾಗುವ ಎರಡು ರಾಸಾಯನಿಕಗಳಿರುವ ಸನ್‌ಸ್ಕ್ರೀನ್ ಲೇಪಗಳ ಮಾರಾಟವನ್ನು 2021ರ ಜನವರಿಯಿಂದ ಆ ರಾಜ್ಯವೇ ನಿಷೇಧಿಸಿತು. ಬಿಸಿಲಿಗೆ ಲೇಪ ಹಚ್ಚುವುದಕ್ಕಿಂತ ತುಂಬುತೋಳಿನ ಬಟ್ಟೆ ತೊಡುವುದೇ ಮೇಲು.

ದೇವರ ಮೀನು ಮತ್ತು ಕಡಲ ಮೀನು

ಕಾಯ್ದ ನೀರಿನ ಕಲ್ಪನೆ ನಮಗೆ ಹೊರಗಿನಿಂದ ಬರಬೇಕಾದದ್ದಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೀನುಗಳನ್ನು ದೇವರ ಮೀನೆಂದು ತಲೆಮಾರುಗಳಿಂದ ಕಾಯ್ದುಕೊಂಡು ಬಂದಿದ್ದೇವೆ. ಕಾವಲುಗಾರನಾಗಲಿ ಬೇಲಿಯಾಗಲಿ ಅಲ್ಲಿರಲಿಲ್ಲ. ಇವನ್ನು ಮುಟ್ಟಬಾರದೆಂಬ ಜನರ ಸಂಯಮವೇ ಬೇಲಿಯಾಗಿತ್ತು. 1996ರಲ್ಲಿ ಶಿಶಿಲದ ಮೀನುಗಳಿಗೆ ದುಷ್ಕರ್ಮಿಗಳು ವಿಷವಿಕ್ಕಿದಾಗ ಊರಿಗೆ ಊರೇ ಮರುಗಿತು. ಸತ್ತ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕವನ್ನೇ ಕಟ್ಟಿದ್ದಾರೆ.

ಈ ಭಾವವನ್ನೇ ನಾವು ನೇತ್ರಾಣಿಗೂ ಕೊಂಡೊಯ್ಯಬೇಕು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಶೃಂಗೇರಿಯಲ್ಲಿ ಪುರಿ ಎರಚಿದ ಅಭ್ಯಾಸದಿಂದ ಕಡಲಿನಲ್ಲಿಯೂ ಪುರಿ, ಬ್ರೆಡ್ಡು, ಬಿಸ್ಕತ್ತು ಹಾಕುವುದು ಸಲ್ಲದು. ಹವಳದ ಮೇಲಿನ ಪಾಚಿಯನ್ನು ಮೇಯುವುದು ಈ ಮೀನುಗಳ ನಿತ್ಯದ ಕೆಲಸ. ಪುಕ್ಕಟೆ ತಿಂಡಿಯ ರುಚಿ ಹತ್ತಿದರೆ ಅವು ಆ ಕೆಲಸ ಬಿಡುತ್ತವೆ. ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ. ತಿಂಡಿಗಾಗಿ ಕಾದಾಡುವ ಕೆಲವೇ ಜಾತಿಯ ಮೀನುಗಳು ಹೆಚ್ಚಿ, ಸಾಧು ಮೀನುಗಳು ಹಿಂದೆ ಸರಿಯುತ್ತವೆ. ಇಲ್ಲಿ ಉಣಿಸದಿರುವುದೇ ದಯೆ.

ಕೆರೆಯ ಈಜು ಬೇರೆ, ಕಡಲ ಈಜು ಬೇರೆ

ನಮ್ಮ ಸೀಮೆಯ ಹುಡುಗರು ಕೆರೆ ಬಾವಿಗಳಲ್ಲಿ ಈಜು ಕಲಿತವರು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿದ ಹಿರಿಯರು ಇಂದಿಗೂ ಇದ್ದಾರೆ. ಆದರೆ ಬಾವಿಯ ನೀರು ನಿಂತ ನೀರು; ಕಡಲಿನ ನೀರು ನಿಲ್ಲದ ನೀರು. ದಡಕ್ಕೆ ಬಂದ ಅಲೆಗಳ ನೀರು ಓಣಿಯಂಥ ಕಿರುಹಾದಿಯೊಂದನ್ನು ಹಿಡಿದು ರಭಸದಿಂದ ಮರಳಿ ಓಡುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ಶಾಂತವಾಗಿ ಕಂಡರೆ ಅದೇ ಆ ಸೆಳೆತದ ಜಾಗವಿರಬಹುದು. ಶಾಂತವಾಗಿದೆಯೆಂದು ಅಲ್ಲಿಯೇ ಇಳಿಯುವುದು ಒಳನಾಡಿನವರು ಸಾಮಾನ್ಯವಾಗಿ ಮಾಡುವ ತಪ್ಪು. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡಕ್ಕೆ ಈಜಲು ಹೋಗಿ ಸೋತು ಮುಳುಗುತ್ತಾರೆ. ಹೋರಾಡದೆ ತೇಲುತ್ತ ಕೈಯೆತ್ತಿ ಸನ್ನೆ ಮಾಡಬೇಕು. ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡದತ್ತ ತಿರುಗಬೇಕು.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲತೀರದಲ್ಲಿ ನಡೆದ ದುರಂತವನ್ನು ಯಾರೂ ಮರೆಯಲಾರರು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಕೋಲಾರವೂ ನಮ್ಮ ತುಮಕೂರಿನಂತೆಯೇ ಕಡಲು ಕಾಣದ ಬಯಲುಸೀಮೆ. ಆ ಮಕ್ಕಳ ಕುತೂಹಲ ನಮ್ಮ ಮಕ್ಕಳ ಕುತೂಹಲವೇ. ಆ ಬಳಿಕ ಕೆಲಕಾಲ ತೀರವನ್ನು ಪ್ರವಾಸಿಗರಿಗೆ ಮುಚ್ಚಲಾಗಿತ್ತು. ಶಾಲೆಯಿಂದಾಗಲಿ ಮನೆಯಿಂದಾಗಲಿ ಮಕ್ಕಳನ್ನು ಕರೆದೊಯ್ಯುವವರು ಕೆಳಗಿನ ಮಾತುಗಳನ್ನು ಹೊರಡುವ ಮುನ್ನವೇ ಮನದಟ್ಟು ಮಾಡಿಕೊಡಬೇಕು.

ಕೆಂಪು ಬಾವುಟವಿದ್ದರೆ ನೀರಿಗಿಳಿಯಬಾರದು. ಜೀವರಕ್ಷಕರಿಲ್ಲದ ಕಡೆ ಈಜಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲಿಗೆ ದೂರದಿಂದಲೇ ಕೈಮುಗಿಯಬೇಕು. ನೇತ್ರಾಣಿಯ ನೀರಾಟದ ಕಾಲ ಅಕ್ಟೋಬರ್‌ನಿಂದ ಮೇ ತನಕ ಮಾತ್ರ. ಸೀರೆಯುಟ್ಟು ಅಲೆಗಿಳಿಯುವುದು ಅಪಾಯ. ನೆನೆದ ಸೀರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಮಾಂಗಲ್ಯ, ಬಳೆ, ಉಂಗುರಗಳನ್ನು ದಡದಲ್ಲಿ ಹಿರಿಯರ ವಶಕ್ಕೆ ಕೊಡುವುದು ಲೇಸು. ಸ್ನಾರ್ಕಲಿಂಗ್‌ಗೆ ಪ್ರವಾಸೋದ್ಯಮ ಇಲಾಖೆಯ ಪರವಾನಗಿ ಪಡೆದವರ ದೋಣಿಯನ್ನೇ ಹತ್ತಬೇಕು; ಈಜು ಬಂದರೂ ಲೈಫ್ ಜಾಕೆಟ್ ಬಿಚ್ಚಬಾರದು. ಹೃದ್ರೋಗ, ಆಸ್ತಮಾ, ಅಧಿಕ ರಕ್ತದೊತ್ತಡವಿರುವವರು ವೈದ್ಯರನ್ನು ಕೇಳದೆ ನೀರಿಗಿಳಿಯಬಾರದು. ಬೆಳಿಗ್ಗೆ ಎರಡು ಇಡ್ಲಿಯಷ್ಟು ಹಗುರ ಆಹಾರ ಸಾಕು. ಹೊಟ್ಟೆ ಬಿರಿಯೆ ಉಂಡವರನ್ನು ದೋಣಿಯ ಓಲಾಟ ಕಾಡುತ್ತದೆ.

ನೀರಿಗಿಳಿಯದವರಿಗೆ

ಮನೆಮಂದಿಯೆಲ್ಲ ಸ್ನಾರ್ಕಲಿಂಗ್ ಮಾಡಲೇಬೇಕೆಂಬ ನಿಯಮವೇನಿಲ್ಲ. ಹೊನ್ನಾವರದ ಬಳಿಯ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ‘ಬ್ಲೂ ಫ್ಲಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ನೀರಿನ ಶುಚಿತ್ವ, ಶೌಚಾಲಯ, ಜೀವರಕ್ಷಕರು ಮೊದಲಾದ 33 ಅಂಶಗಳನ್ನು ಪರೀಕ್ಷಿಸಿ ಕೊಡುವ ಮನ್ನಣೆಯಿದು. ವೃದ್ಧರಿಗೂ ಚಿಕ್ಕಮಕ್ಕಳಿಗೂ ಇಂಥ ತೀರಗಳು ಹಿತಕರ. ಮಲ್ಪೆಯಿಂದ ದೋಣಿಯಲ್ಲಿ ಹೋಗಬಹುದಾದ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಗಳನ್ನು ಜೋಡಿಸಿಟ್ಟಂತೆ ಶಿಲೆಗಳು ನಿಂತಿವೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಉಂಟಾದ ಶಿಲೆಗಳವು. ಅಲ್ಲಿ ಶಿಲೆಗಳನ್ನು ನೋಡುವುದೇ ಮುಖ್ಯ, ಬಂಡೆಗಳ ನಡುವಿನ ನೀರಿಗಿಳಿಯುವುದಲ್ಲ.

ಯಾವ ತೀರಕ್ಕೆ ಹೋದರೂ ಅಲ್ಲಿ ಬದುಕು ಕಟ್ಟಿಕೊಂಡಿರುವ ಬೆಸ್ತರನ್ನು ಗೌರವದಿಂದ ಕಾಣಬೇಕು. ನಮಗೆ ಹೊಲವಿದ್ದಂತೆ ಅವರಿಗೆ ಕಡಲು. ಒಣಗಲು ಹರವಿದ ಬಲೆಯನ್ನು ತುಳಿಯುವುದು, ನಿಲ್ಲಿಸಿದ ದೋಣಿಯನ್ನೇರಿ ಕುಣಿಯುವುದು ಪರರ ಹೊಲದ ಪೈರನ್ನು ತುಳಿದಂತೆ. ಅಲೆ ಹೇಗಿದೆ, ಸೆಳೆತ ಎಲ್ಲಿದೆ ಎಂದು ಅವರನ್ನು ಕೇಳಿದರೆ ಸಾಕು, ಯಾವ ಫಲಕವೂ ಹೇಳದಷ್ಟು ತಿಳಿಸುತ್ತಾರೆ.

ಕೊನೆಯದಾಗಿ, ನಮ್ಮೊಂದಿಗೆ ಒಯ್ದ ಪ್ಲಾಸ್ಟಿಕ್ ಚೀಲ, ನೀರಿನ ಬಾಟಲಿಗಳನ್ನು ನಮ್ಮೊಂದಿಗೇ ಮರಳಿ ತರುವ ವ್ರತವನ್ನು ಪ್ರತಿ ಮನೆಯೂ ಕೈಗೊಳ್ಳಬೇಕು. ತೇಲುವ ಚೀಲವನ್ನು ಅಂಬಲಿಮೀನೆಂದು ತಿಳಿದು ಕಡಲಾಮೆ ನುಂಗುತ್ತದೆ. ಅತಿಥಿಯಾಗಿ ಹೋದವನು ಮನೆಯೊಡೆಯನಿಗೆ ವಿಷವಿಟ್ಟು ಬರುವುದುಂಟೇ?

ಈ ರಜೆಯಲ್ಲಿ ಕರಾವಳಿಗೆ ಹೊರಡುವ ಬಂಧುಗಳು ಹೊರಡುವ ಹಿಂದಿನ ರಾತ್ರಿ, ಊಟವಾದ ಮೇಲೆ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಈ ಸಂಗತಿಗಳನ್ನು ಹೇಳಲಿ. ಹನೌಮದವರು ಒಂಬತ್ತು ನಿಮಿಷಗಳಲ್ಲಿ ಕಲಿಸುವುದನ್ನು ತಾಯ್ತಂದೆಯರು ಮನೆಯಲ್ಲಿಯೇ ಕಲಿಸಬಹುದು. ಹಾಗೆ ಕಲಿತು ಹೋದ ಮಕ್ಕಳು ಕಡಲನ್ನು ಕಣ್ತುಂಬ ನೋಡಿ, ಏನನ್ನೂ ಕೀಳದೆ, ಏನನ್ನೂ ಕಳೆದುಕೊಳ್ಳದೆ ಸುಖವಾಗಿ ಮನೆಗೆ ಮರಳುವರು.